ಗ್ರಂಥಾಲಯದ ಉಪಕರವೂ ಒಂದು ಶಾಂತವಾದ ಮೂಲೆಯೂ

ಇಂಗ್ಲೆಂಡಿನ ಪಾರ್ಲಿಮೆಂಟು 1850ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವನ್ನು ಅಂಗೀಕರಿಸಿದಾಗ, ಹತ್ತು ಸಾವಿರಕ್ಕೆ ಮೇಲ್ಪಟ್ಟ ಜನಸಂಖ್ಯೆಯುಳ್ಳ ಪಟ್ಟಣಗಳು ತೆರಿಗೆದಾರರಲ್ಲಿ ಮೂರರಲ್ಲಿ ಎರಡು ಪಾಲಿನವರ ಸಮ್ಮತಿಯನ್ನು ಪಡೆದು, ಪೌಂಡಿಗೆ ಅರ್ಧ ಪೆನ್ನಿಯ ದರದಲ್ಲಿ ಕರವನ್ನು ವಿಧಿಸಿ, ತಮ್ಮ ಊರಿಗೊಂದು ಗ್ರಂಥಾಲಯವನ್ನು ಮಾಡಿಕೊಳ್ಳಬಹುದೆಂದು ಅಪ್ಪಣೆ ಕೊಟ್ಟಿತು. ಆದರೆ ಆ ಕರದ ಹಣದಿಂದ ಕಟ್ಟಡವನ್ನು ಕಟ್ಟಿಸಬಹುದಾಗಿತ್ತು, ದೀಪಗಳನ್ನು ಉರಿಸಬಹುದಾಗಿತ್ತು, ಪಾಲಕನೊಬ್ಬನಿಗೆ ಸಂಬಳ ಕೊಡಬಹುದಾಗಿತ್ತು, ಪುಸ್ತಕಗಳನ್ನು ಮಾತ್ರ ಕೊಳ್ಳುವಂತಿರಲಿಲ್ಲ. ಪುಸ್ತಕಗಳು ಉದಾರಿಗಳ ದಾನದಿಂದ ತಾವಾಗಿಯೇ ಬಂದು ಕಪಾಟುಗಳನ್ನು ತುಂಬುವುವೆಂದು ಆ ಸಭೆಯ ಮಹನೀಯರು ಭಾವಿಸಿದ್ದಿರಬೇಕು. ಐದು ವರ್ಷಗಳ ಅನುಭವ ಅವರಿಗೆ ಬುದ್ಧಿ ಕಲಿಸಿತು; 1855ರಲ್ಲಿ ಕರವನ್ನು ಒಂದು ಪೆನ್ನಿಗೆ ಏರಿಸಿ, ಪುಸ್ತಕಗಳನ್ನು ಕೊಳ್ಳುವುದಕ್ಕೂ ಅನುಮತಿಯಿತ್ತರು. ಸರ್ಕಾರದ ಬೊಕ್ಕಸಕ್ಕೂ ಕಲ್ಲುಗಾರೆಗೂ ಇರುವ ಈ ಸ್ನೇಹ ಬಹು ಪುರಾತನವಾದದ್ದು. ಕಟ್ಟಡಕ್ಕೆ ಉದ್ಘಾಟನೆಯುಂಟು, ಶಿಲಾಫಲಕವುಂಟು, ಅದರ ಮೇಲೆ ಹೆಸರುಗಳುಂಟು. ಆ ಕಟ್ಟಡದೊಳಗೆ ಮನುಷ್ಯರಿಗೆ ನಿಜವಾಗಿ ಏನು ಬೇಕೋ ಅದಕ್ಕೆ ಫಲಕವನ್ನು ಮೊಳೆ ಹೊಡೆದು ನಿಲ್ಲಿಸುವುದಕ್ಕೆ ಸ್ಥಳವೇ ಇರುವುದಿಲ್ಲ.

ನಮ್ಮ ನಾಡಿನಲ್ಲಿ ಅರ್ಧ ಪೆನ್ನಿಯ ವಂಶಕ್ಕೆ ಸೇರಿದ ಕರವೊಂದು ಇಂದಿಗೂ ಜೀವಂತವಾಗಿದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ಅದರ ಮೂಲ. ಆಗ ರಾಜ್ಯದ ಹೆಸರು ಇನ್ನೂ ಮೈಸೂರೆಂದೇ ಇತ್ತು. ಮನೆಯ ಕಂದಾಯದ ರಸೀತಿಯನ್ನು ಬಿಡಿಸಿ ನೋಡುವ ತಾಳ್ಮೆಯುಳ್ಳವರಿಗೆ ಅದರ ಕೆಳಗಡೆ ಉಪಕರಗಳ ಒಂದು ಸಣ್ಣ ಪಂಕ್ತಿ ಕಾಣಿಸುತ್ತದೆ: ಬೆಂಗಳೂರಿನಲ್ಲಾದರೆ ಆರೋಗ್ಯಕ್ಕೆ ಶೇಕಡ 15, ಗ್ರಂಥಾಲಯಕ್ಕೆ ಶೇಕಡ 6, ಭಿಕ್ಷುಕರ ಪುನರ್ವಸತಿಗೆ ಶೇಕಡ 3. ಹತ್ತು ಸಾವಿರ ರೂಪಾಯಿ ಆಸ್ತಿ ತೆರಿಗೆ ಕಟ್ಟುವ ಗೃಹಸ್ಥನು, ತಾನು ಗ್ರಂಥಾಲಯದ ಹೊಸ್ತಿಲನ್ನು ತುಳಿಯಲಿ ಬಿಡಲಿ, ವರ್ಷಕ್ಕೆ ಆರು ನೂರು ರೂಪಾಯಿಗಳನ್ನು ಗ್ರಂಥಾಲಯಕ್ಕೆಂದು ಕೊಟ್ಟೇ ಕೊಡುತ್ತಾನೆ. ಯಾರ ದಾನಬುದ್ಧಿಯನ್ನೂ, ಯಾವ ಸಚಿವರ ಆಯವ್ಯಯ ಭಾಷಣವನ್ನೂ ಕಾಯಬೇಕಾಗಿಲ್ಲದ ಇಂಥ ನಿಯತವಾದ ಆದಾಯ ಸಾರ್ವಜನಿಕ ಸಂಸ್ಥೆಗಳಲ್ಲಿ ಎಷ್ಟಕ್ಕೆ ಇದ್ದೀತು! ಗ್ರಂಥಾಲಯವೆಂಬುದು ಭಿಕ್ಷೆಯಿಂದಲ್ಲದೆ ಕರದಿಂದ ನಡೆಯತಕ್ಕದ್ದೆಂದು ಈ ದೇಶದಲ್ಲಿ ಜೀವಮಾನವಿಡೀ ವಾದಿಸಿದವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯಶಾಸ್ತ್ರದ ತಮ್ಮ ಪಂಚಸೂತ್ರಗಳನ್ನು ಪ್ರಕಟಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, ತಮ್ಮ ಕೊನೆಯ ದಶಕವನ್ನು ನಮ್ಮ ನಡುವೆಯೇ ಕಳೆದು, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಯಾವ ಓದುಗನೂ ತನಗೆ ಒದಗುವ ಪುಸ್ತಕವಿಲ್ಲದೆ ಹಿಂದಿರುಗಬಾರದೆಂಬುದು ಅವರ ಎರಡನೆಯ ಸೂತ್ರದ ತಾತ್ಪರ್ಯ. ಈ ಮಹಾನುಭಾವರಿಗೆ ಎಳೆಯ ವಯಸ್ಸಿನಿಂದಲೂ ಮಾತು ತೊದಲುತ್ತಿತ್ತು. ಜಗತ್ತು ತನ್ನ ವೇಗವನ್ನೇ ಎಲ್ಲರ ವೇಗವೆಂದು ಭಾವಿಸಿದಾಗ ಒಬ್ಬನಿಗೆ ಆಗುವ ಸಂಕಟ ಎಂಥದೆಂಬುದನ್ನು ಅವರಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ರಂಗನಾಥನ್ನರು ಹೇಳಿದ ಆ 'ಯಾವ ಓದುಗನೂ' ಎಂಬುದರೊಳಗೆ ಈಗ ಒಂದು ದೊಡ್ಡ ಸಮೂಹ ತನ್ನ ಸ್ಥಾನವನ್ನು ಕೇಳುತ್ತಿದೆ. ಆಟಿಸಂ ಇರುವವರು, ಗಮನವನ್ನು ಒಂದೆಡೆ ನಿಲ್ಲಿಸಲಾರದ ಚಂಚಲತೆಯುಳ್ಳವರು, ಅಕ್ಷರಗಳು ಕಣ್ಣಮುಂದೆ ಸ್ಥಿರವಾಗಿ ನಿಲ್ಲದ ಡಿಸ್ಲೆಕ್ಸಿಯಾದವರು, ಇವರೆಲ್ಲರ ಮನಸ್ಸು ರೋಗಗ್ರಸ್ತವಾದುದಲ್ಲ, ಬೇರೆ ರೀತಿಯಲ್ಲಿ ರಚಿತವಾದುದು, ಮನುಷ್ಯಜಾತಿಯ ಸಹಜವಾದ ವೈವಿಧ್ಯದಲ್ಲಿ ಅದೂ ಒಂದು ಎಂಬ ವಿಚಾರ 1990ರ ದಶಕದ ಕೊನೆಯಲ್ಲಿ 'ನರವೈವಿಧ್ಯ'ವೆಂಬ ಹೆಸರನ್ನು ಪಡೆಯಿತು. ಈ ಹೆಸರಿನ ಮರೆಯಲ್ಲಿ ಕಷ್ಟಗಳು ಮುಚ್ಚಿಹೋಗುವುವೆಂದು ಶಂಕಿಸುವ ತಂದೆತಾಯಿಗಳೂ ಇದ್ದಾರೆ. ಅವರ ಶಂಕೆ ಅಲ್ಲಗಳೆಯತಕ್ಕದ್ದಲ್ಲ. ಇಂಥವರು ನಮ್ಮಲ್ಲಿ ಎಷ್ಟು ಮಂದಿ ಎಂದು ಎಣಿಸಹೊರಟರೆ, 2011ರ ಜನಗಣತಿಯ ಪಟ್ಟಿಯಲ್ಲಿ ಆಟಿಸಂಗೆ ಪ್ರತ್ಯೇಕವಾದ ಅಂಕಣವೇ ಇರಲಿಲ್ಲ. ದೇಶದ ಐದು ಪ್ರದೇಶಗಳಲ್ಲಿ 2ರಿಂದ 9 ವರ್ಷದ ಸುಮಾರು ನಾಲ್ಕು ಸಾವಿರ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ದೃಷ್ಟಿ ಮತ್ತು ಶ್ರವಣದ ದೋಷಗಳನ್ನೂ ಮೂರ್ಛೆಯನ್ನೂ ಒಳಗೊಂಡು, ನರಗಳ ಬೆಳವಣಿಗೆಗೆ ಸಂಬಂಧಿಸಿದ ಒಂದಲ್ಲ ಒಂದು ತೊಡಕು ನೂರಕ್ಕೆ ಸುಮಾರು ಹನ್ನೆರಡು ಮಕ್ಕಳಲ್ಲಿದೆಯೆಂದು ಕಂಡುಕೊಂಡಿತು. ಅಂದರೆ ಯಾವ ಬೀದಿಯೂ ಇವರಿಲ್ಲದ ಬೀದಿಯಲ್ಲ.

ಇಂಥ ಒಂದು ಮಗುವನ್ನು ಕೈಹಿಡಿದು ಕರೆದುಕೊಂಡು ತಾಯಿಯೊಬ್ಬಳು ನಮ್ಮ ಸಾಮಾನ್ಯವಾದ ನಗರ ವಾಚನಾಲಯವೊಂದನ್ನು ಪ್ರವೇಶಿಸಿದಳೆಂದು ಭಾವಿಸೋಣ. ಬಾಗಿಲಲ್ಲಿಯೇ 'ನಿಶ್ಶಬ್ದವಾಗಿರಿ' ಎಂಬ ಹಲಗೆ. ಒಳಗೆ ಕಬ್ಬಿಣದ ಕುರ್ಚಿಗಳು; ಒಂದನ್ನು ಎಳೆದರೆ ಮೊಸಾಯಿಕ್ ನೆಲದ ಮೇಲೆ ಅದು ಮಾಡುವ ಕರ್ಕಶವಾದ ಸದ್ದು ಎಲ್ಲರ ಹಲ್ಲನ್ನೂ ಜುಮ್ಮೆನ್ನಿಸುವಂಥದು, ಆದರೆ ಕುರ್ಚಿಯನ್ನು ಯಾವ ಹಲಗೆಯೂ ಗದರಿಸುವುದಿಲ್ಲ. ಮೇಲೆ ಹಳೆಯ ಚೋಕ್‌ನ ಟ್ಯೂಬ್‌ಲೈಟುಗಳು. ನಮ್ಮ ವಿದ್ಯುತ್ತಿನ ಗತಿಗನುಸಾರವಾಗಿ ಅವು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಗೋಚರಿಸುವುದಿಲ್ಲ, ಆದರೆ ಆ ಮಿನುಗೂ ಅದರೊಡನೆ ಚೋಕ್ ಮಾಡುವ ಗುಂಯ್‌ಗುಡುವಿಕೆಯೂ ಆಟಿಸಂ ಇರುವ ಅನೇಕರಿಗೆ ಅಸಹನೀಯವಾದ ಪೀಡೆಯೆಂಬುದನ್ನು ಅವರೇ ಹೇಳಿದ್ದಾರೆ, ಬರೆದಿದ್ದಾರೆ. ಫ್ಯಾನು ತಿರುಗುವಾಗ ವೃತ್ತಪತ್ರಿಕೆಗಳ ಹಾಳೆಗಳು ಪಟಪಟನೆ ಬಡಿದುಕೊಳ್ಳುತ್ತವೆ. ಒಬ್ಬರ ಜೇಬಿನಲ್ಲಿ ಮೊಬೈಲು ಕೂಗುತ್ತದೆ. ಹೀಗೆ ಹತ್ತು ಕಡೆಯಿಂದ ಒಟ್ಟಿಗೆ ಬಂದೆರಗುವುದನ್ನು ನಮ್ಮ ಮಿದುಳು ಜರಡಿ ಹಿಡಿದು, ಬೇಡದುದನ್ನು ಮೇಲೆಯೇ ತಡೆದು, ಬೇಕಾದುದನ್ನಷ್ಟೇ ನಮಗೆ ಒಪ್ಪಿಸುತ್ತದೆ. ಆ ಮಗುವಿನ ಪಾಲಿಗೆ ಜರಡಿಯ ಕಣ್ಣು ಬಹು ದೊಡ್ಡದು, ಎಲ್ಲವೂ ಬೀಳುತ್ತದೆ. ಆಗ ಅದು ಕಿವಿ ಮುಚ್ಚಿಕೊಳ್ಳುತ್ತದೆ, ಮುಂದಕ್ಕೂ ಹಿಂದಕ್ಕೂ ತೂಗಾಡುತ್ತದೆ, ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳುವುದಕ್ಕಾಗಿ ಗುನುಗುತ್ತದೆ. ಆ ಗುನುಗು ಸಭಾಮರ್ಯಾದೆಗೆ ಭಂಗವೆಂದು ನಾಲ್ಕು ತಲೆಗಳು ತಿರುಗುತ್ತವೆ. "ಏನಮ್ಮಾ, ಮಗೂನ ಸ್ವಲ್ಪ ಸುಮ್ಮನಿರಿಸಬಾರದಾ?" ಎಂದು ಯಾರೋ ಕೇಳುತ್ತಾರೆ. ತಾಯಿ ಉತ್ತರ ಕೊಡದೆ ಹೊರಟುಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಗ್ರಂಥಾಲಯದ ಲೆಕ್ಕಪುಸ್ತಕದಲ್ಲಿ ಬಂದವರ ಸಂಖ್ಯೆಗೆ ಅಂಕಣವುಂಟು, ಬಾರದೆ ಉಳಿದವರಿಗೆ ಇಲ್ಲ. ಇಂಥ ಮಕ್ಕಳು ನಮ್ಮಲ್ಲಿಗೆ ಬರುವುದೇ ಇಲ್ಲ, ಅವರಿಗಾಗಿ ಹಣ ವೆಚ್ಚಮಾಡುವುದೇಕೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ಶಾಸನದಲ್ಲಿ ಕೊರತೆಯೇನೂ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಹಿಂದಿನ ಏಳು ಬಗೆಯ ವೈಕಲ್ಯಗಳನ್ನು ಇಪ್ಪತ್ತೊಂದಕ್ಕೆ ಏರಿಸಿ, ಆಟಿಸಂ ಮತ್ತು ಕಲಿಕೆಯ ನಿರ್ದಿಷ್ಟ ತೊಡಕುಗಳನ್ನು ಆ ಪಟ್ಟಿಯೊಳಕ್ಕೆ ತಂದಿತು. ಗಮನದ ಚಂಚಲತೆಯನ್ನು ಹೊರಗೇ ಬಿಟ್ಟಿತು. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳೆಲ್ಲವೂ ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲರಿಗೂ ಪ್ರವೇಶಯೋಗ್ಯವಾಗತಕ್ಕದ್ದೆಂದು ಕಾಯಿದೆ ವಿಧಿಸಿತು. ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದವು, 2022ರ ಜೂನ್ ಬಂದು ಹೋಯಿತು. ಆ ಗಡುವಿಗಾಗಿ ನಮ್ಮ ಇಲಾಖೆಗಳು ಮುಖ್ಯವಾಗಿ ಏನು ಮಾಡಿದವೆಂದರೆ ಇಳಿಜಾರುಗಳನ್ನು ಕಟ್ಟಿಸಿದವು. ಗಾಲಿಕುರ್ಚಿಯವರಿಗೆ ಇಳಿಜಾರು ಅತ್ಯಾವಶ್ಯಕವಾದುದು, ಅದರಲ್ಲಿ ಎರಡು ಮಾತಿಲ್ಲ. ಕಟ್ಟಿದವುಗಳಲ್ಲಿ ಕೆಲವು ಪರ್ವತಾರೋಹಿಗಳಿಗಷ್ಟೇ ಯೋಗ್ಯವಾಗಿವೆಯೆಂಬುದು ಬೇರೆ ವಿಷಯ. ಆದರೆ ಕಣ್ಣಿಗೆ ಕಾಣುವ ತಡೆಗೆ ಕಣ್ಣಿಗೆ ಕಾಣುವ ಪರಿಹಾರವನ್ನು ಒದಗಿಸಿ, ಛಾಯಾಚಿತ್ರ ತೆಗೆಸಿ, ಹಣ ಬಳಕೆಯ ಪ್ರಮಾಣಪತ್ರಕ್ಕೆ ಲಗತ್ತಿಸಿದ ಮೇಲೆ, ಕಾಣದ ತಡೆಗಳ ಕಡೆಗೆ ಕಡತ ತಿರುಗುವುದೇ ಇಲ್ಲ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪ್ರವೇಶಯೋಗ್ಯತೆಯ ಮಾನದಂಡಗಳನ್ನು ಬರಿಯ ಸಲಹೆಗಳ ಮಟ್ಟಕ್ಕೆ ಇಳಿಸಿದ್ದ 15(1)ನೆಯ ನಿಯಮ ಕಾಯಿದೆಗೆ ವಿರುದ್ಧವಾದುದೆಂದು ಸಾರಿ, ಕಡ್ಡಾಯವಾದ ಕನಿಷ್ಠ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸಬೇಕೆಂದು ಕೇಂದ್ರ ಸರ್ಕಾರಕ್ಕೆ ಆಜ್ಞಾಪಿಸಿತು. ಮಾನದಂಡವೆಂದೊಡನೆ ಅಡಿಗಳಲ್ಲಿಯೂ ಅಂಗುಲಗಳಲ್ಲಿಯೂ ಯೋಚಿಸುವ ಅಭ್ಯಾಸ ನಮ್ಮದು. ಬೆಳಕಿನ ಸೌಮ್ಯತೆ, ಸದ್ದಿನ ಮಿತಿ, ಸಿಬ್ಬಂದಿಯ ಸೌಜನ್ಯ ಇವನ್ನು ಯಾವ ಟೇಪಿನಿಂದ ಅಳೆಯುವುದು?

ವಾಸ್ತವವಾಗಿ ಬೇಕಾದುದು ಬಹಳ ಅಲ್ಪ. ಸಭಾಂಗಣದ ಒಂದು ಮೂಲೆಯನ್ನು ದಪ್ಪನೆಯ ಪರದೆಯಿಂದ ಮರೆಮಾಡಿ, ಅಲ್ಲಿ ಮಿನುಗದ ಮಂದವಾದ ದೀಪವೊಂದನ್ನೂ ಒಂದು ಚಾಪೆಯನ್ನೂ ಎರಡು ದಿಂಬುಗಳನ್ನೂ ಇರಿಸುವುದು. ಕುರ್ಚಿಗಳ ಕಾಲಿಗೆ ರಬ್ಬರಿನ ಬಿರಡೆ ಹಾಕಿಸುವುದು. ಸದ್ದನ್ನು ತಡೆಯುವ ಒಂದೆರಡು ಹೆಡ್‌ಫೋನುಗಳನ್ನು ಪುಸ್ತಕದಂತೆಯೇ ಎರವಲು ಕೊಡುವುದು. ಬಾಗಿಲನ್ನು ಪ್ರವೇಶಿಸಿದಾಗಿನಿಂದ ಪುಸ್ತಕವನ್ನು ಪಡೆದು ಹೊರಡುವವರೆಗೆ ಏನೇನು ನಡೆಯುವುದೆಂಬುದನ್ನು ಆ ಗ್ರಂಥಾಲಯದ ಚಿತ್ರಗಳಲ್ಲಿಯೇ ತೋರಿಸುವ ಒಂದು ಹಾಳೆಯನ್ನು ಮುದ್ರಿಸಿ, ಮನೆಯಲ್ಲಿಯೇ ನೋಡಿಕೊಂಡು ಬರುವಂತೆ ಪೋಷಕರಿಗೆ ಹಂಚುವುದು. ಮುಂದೇನಾಗುವುದೆಂದು ತಿಳಿಯದಿರುವುದೇ ಅನೇಕ ಮಕ್ಕಳ ಭಯಕ್ಕೆ ಮೂಲವಾದುದರಿಂದ, ಈ ಒಂದು ಹಾಳೆ ಮಾಡುವ ಉಪಕಾರವನ್ನು ಲಕ್ಷಗಟ್ಟಲೆಯ ಕಾಮಗಾರಿ ಮಾಡಲಾರದು. ಇವೆಲ್ಲಕ್ಕೂ ಸೇರಿ ಬೀಳುವ ಖರ್ಚು ಒಂದು ಸ್ವಾಗತ ಕಮಾನಿನ ಖರ್ಚಿಗಿಂತ ಕಡಿಮೆಯಾದೀತು. ದುಬಾರಿಯಾದುದು ಬೇರೆಯೇ ಇದೆ. ಅದು ಮನುಷ್ಯರ ಕಾಲ. ಮಗು ಗುನುಗಿದರೆ ಗಾಬರಿಗೊಳ್ಳದ, ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ ಅವಿನಯವೆಂದು ಬಗೆಯದ, ಒಂದೇ ರೈಲಿನ ಪುಸ್ತಕವನ್ನು ನಲವತ್ತನೆಯ ಸಲ ಕೇಳಿದರೂ ನಗುನಗುತ್ತ ತೆಗೆದುಕೊಡುವ ಒಬ್ಬ ಗ್ರಂಥಪಾಲಕನಿಗೆ ತರಬೇತಿ ಬೇಕು, ಆ ತರಬೇತಿ ವರುಷ ವರುಷವೂ ಬೇಕು, ಮತ್ತು ಆತ ಆರು ತಿಂಗಳಿಗೊಮ್ಮೆ ವರ್ಗವಾಗಿ ಹೋಗಬಾರದು. ಇದು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಅನುದಾನದಿಂದ ಆಗುವ ಕೆಲಸವಲ್ಲ.

ಇದನ್ನು ಮನಗಂಡ ದೇಶಗಳ ಅನುಭವ ನಮಗೆ ಪಾಠವೂ ಹೌದು, ಎಚ್ಚರಿಕೆಯೂ ಹೌದು. ಅಮೆರಿಕದ ಇಲಿನಾಯ್ ಸಂಸ್ಥಾನದ ರಾಜ್ಯ ಗ್ರಂಥಾಲಯ 2014ರ ಸುಮಾರಿನಲ್ಲಿ, ಒಕ್ಕೂಟ ಸರ್ಕಾರದ ಮ್ಯೂಸಿಯಂ ಮತ್ತು ಗ್ರಂಥಾಲಯ ಸೇವಾ ಸಂಸ್ಥೆಯ ಧನಸಹಾಯವನ್ನು ಪಡೆದು, ಕಟ್ಟಡಕ್ಕೆ ಕೈ ಹಾಕದೆ ಗ್ರಂಥಪಾಲಕರ ಶಿಕ್ಷಣಕ್ಕೆ ಕೈ ಹಾಕಿತು. ಆಟಿಸಂ ಇರುವವರನ್ನೂ ಅವರ ಮನೆಯವರನ್ನೂ ಗ್ರಂಥಪಾಲಕರೊಡನೆ ಒಂದೇ ಮೇಜಿನ ಸುತ್ತ ಕೂರಿಸಿತು. ಆದರೆ 2025ರ ಮಾರ್ಚ್ 14ರಂದು ಅಲ್ಲಿಯ ಅಧ್ಯಕ್ಷರು ಹೊರಡಿಸಿದ ಆಜ್ಞೆಯೊಂದು ಆ ಧನಮೂಲವಾದ ಸಂಸ್ಥೆಯನ್ನೇ ಶಾಸನ ಅನುಮತಿಸುವಷ್ಟರ ಮಟ್ಟಿಗೆ ಕುಗ್ಗಿಸಿಬಿಡಬೇಕೆಂದು ವಿಧಿಸಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ನ್ಯಾಯಾಲಯದ ಮೆಟ್ಟಿಲನ್ನೇರಬೇಕಾಯಿತು. ಅನುದಾನವೆಂಬುದು ಕೊಡುವವನ ಚಿತ್ತವನ್ನು ಅನುಸರಿಸಿ ಬರುತ್ತದೆ, ಹೋಗುತ್ತದೆ. ಸಿಂಗಪುರದಲ್ಲಿ 2023ರ ಜನವರಿಯಲ್ಲಿ ತೆರೆದ ಪುಂಗೋಲ್ ಪ್ರಾದೇಶಿಕ ಗ್ರಂಥಾಲಯದೊಳಗೆ, ಗದ್ದಲದಿಂದ ಬಳಲಿದವರು ಹೊಕ್ಕು ಕುಳಿತು ಚೇತರಿಸಿಕೊಳ್ಳುವುದಕ್ಕೆಂದೇ ಸಣ್ಣ ಗೂಡುಗಳನ್ನು ರಚಿಸಿದ್ದಾರೆ. ಅಲ್ಲಿ ಗ್ರಂಥಾಲಯಗಳ ಆಡಳಿತ ಸರ್ಕಾರದ ಒಂದೇ ಮಂಡಳಿಯ ಕೈಯಲ್ಲಿರುವುದರಿಂದ ಒಂದೆಡೆ ಕಲಿತುದನ್ನು ಮತ್ತೊಂದೆಡೆಗೆ ಒಯ್ಯುವುದು ಸುಲಭ. ಅಷ್ಟು ದೂರ ಹೋಗದೆಯೂ ಒಂದು ಉದಾಹರಣೆಯುಂಟು. ಬೆಂಗಳೂರಿನಲ್ಲಿ ವಿಶೇಷ ಅಗತ್ಯಗಳುಳ್ಳ ಮಕ್ಕಳ ಪೋಷಕರೇ ಕಟ್ಟಿಕೊಂಡ 'ಕಿಲಿಕಿಲಿ' ಎಂಬ ಸಂಸ್ಥೆ, ನಗರಪಾಲಿಕೆಯನ್ನು ಒಪ್ಪಿಸಿ, ಕೋಲ್ಸ್ ಪಾರ್ಕ್ ಮೊದಲಾದ ಉದ್ಯಾನಗಳಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಆಡಬಹುದಾದ ತಾಣಗಳನ್ನು ಮಾಡಿಸಿತು. ಪಾಲಿಕೆಯ ಹಣ, ಪೋಷಕರ ಅನುಭವ ಎರಡೂ ಸೇರಿದರೆ ಏನಾಗಬಹುದೆಂಬುದಕ್ಕೆ ಅದು ಸಾಕ್ಷಿ.

ಇಷ್ಟರ ಮೇಲೆ ನಮ್ಮ ಉಪಕರದ ವಿಷಯಕ್ಕೆ ಹಿಂದಿರುಗಬೇಕು. ನಿಯತವಾದ ಆದಾಯ ಉಂಟೆಂದು ಹೇಳಿದೆನಷ್ಟೆ. ಅದು ಗೃಹಸ್ಥನ ಕೈಯಿಂದ ಹೊರಡುವುದು ನಿಯತವೇ ಹೊರತು ಗ್ರಂಥಾಲಯದ ಕೈ ಸೇರುವುದು ನಿಯತವಲ್ಲ. ಸ್ಥಳೀಯ ಸಂಸ್ಥೆಗಳು ಇದನ್ನು ವಸೂಲು ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸತಕ್ಕದ್ದು. ಆದರೆ ರಾಜಧಾನಿಯ ಮಹಾನಗರಪಾಲಿಕೆಯೇ ನೂರಾರು ಕೋಟಿ ರೂಪಾಯಿಗಳ ಉಪಕರವನ್ನು ಬಾಕಿ ಉಳಿಸಿಕೊಂಡಿತೆಂಬ ವಾರ್ತೆ ಪತ್ರಿಕೆಗಳಲ್ಲಿ ವರ್ಷಗಳ ಕಾಲ ಮರಳಿ ಮರಳಿ ಬಂದಿದೆ. ಪರರ ಹೆಸರಿನಲ್ಲಿ ಪಡೆದುದನ್ನು ಪರರಿಗೆ ಕೊಡದೆ ತನ್ನ ಸಾಮಾನ್ಯ ಖರ್ಚಿಗೆ ಬಳಸಿಕೊಳ್ಳುವುದನ್ನು ಖಾಸಗಿ ವ್ಯಕ್ತಿಯೊಬ್ಬ ಮಾಡಿದ್ದರೆ ಅದಕ್ಕೆ ನಮ್ಮ ದಂಡಸಂಹಿತೆಯಲ್ಲಿ ಸ್ಪಷ್ಟವಾದ ಹೆಸರುಂಟು. ನನ್ನ ಅಭಿಪ್ರಾಯವಿಷ್ಟೆ: ಹೊಸ ಯೋಜನೆ, ಹೊಸ ನಾಮಧೇಯ, ಹೊಸ ಲಾಂಛನ ಯಾವುದೂ ಬೇಡ, ಬಂದ ಉಪಕರ ಕಾಲಕಾಲಕ್ಕೆ ಪ್ರಾಧಿಕಾರಕ್ಕೆ ಸೇರಲಿ, ಅದರಲ್ಲಿ ಸಣ್ಣದಾದರೂ ಒಂದು ನಿರ್ದಿಷ್ಟ ಪಾಲನ್ನು ಸಿಬ್ಬಂದಿಯ ತರಬೇತಿಗೂ ಸಮಯಕ್ಕೂ ಮೀಸಲಿಟ್ಟು, ಆ ಪಾಲನ್ನು ಸಿಮೆಂಟಿಗೆ ವಿನಿಯೋಗಿಸಕೂಡದೆಂದು ನಿಯಮ ಮಾಡಲಿ. 1850ರ ಶಾಸನಕಾರರು ಪುಸ್ತಕಕ್ಕೆ ಹಾಕಿದ ನಿರ್ಬಂಧವನ್ನು ನಾವು ಗಾರೆಗೆ ಹಾಕಿದರೆ ತಪ್ಪೇನಿಲ್ಲ. ತರಬೇತಿ ಕೊಡುವವರಿಗಂತೂ ನಮ್ಮಲ್ಲಿ ಬಡತನವಿಲ್ಲ; ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ; ಎರಡೂ ಸಾರ್ವಜನಿಕ ಹಣದಿಂದಲೇ ನಡೆಯುವ ಸಂಸ್ಥೆಗಳು.

ಹಳ್ಳಿಗಳ ಸ್ಥಿತಿ ಒಂದು ವಿಧದಲ್ಲಿ ಪಟ್ಟಣಗಳಿಗಿಂತ ಆಶಾದಾಯಕವಾಗಿದೆ. 2019ರಲ್ಲಿ ಗ್ರಂಥಾಲಯ ಇಲಾಖೆಯ ಐದು ಸಾವಿರದ ಆರು ನೂರಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಯಾದವು. 2020ರ ಮಕ್ಕಳ ದಿನದಿಂದ 'ಓದುವ ಬೆಳಕು' ಎಂಬ ಕಾರ್ಯಕ್ರಮದ ಮೂಲಕ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಈಗ ಅವು 'ಅರಿವು ಕೇಂದ್ರ'ಗಳೆನಿಸಿಕೊಂಡಿವೆ. ಬಣ್ಣ ಬಳಿದ ಗೋಡೆಗಳು, ಕೇರಂ ಹಲಗೆ, ಕಂಪ್ಯೂಟರು ಬಂದಿವೆ. ಮೇಲ್ವಿಚಾರಕರು ಮಾತ್ರ ಬಹುಕಾಲ ಗೌರವಧನವೆಂಬ ಅಲ್ಪ ಮೊತ್ತದ ಮೇಲೆಯೇ ದುಡಿದವರು. ಗೌರವ ಎಂಬ ಮಾತಿನಿಂದ ಧನದ ಕೊರತೆಯನ್ನು ಸರಿದೂಗಿಸುವ ಈ ವಿದ್ಯೆಯಲ್ಲಿ ನಮ್ಮ ಆಡಳಿತಕ್ಕೆ ಸಮಾನರಿಲ್ಲ. ಗ್ರಾಮ ಪಂಚಾಯತಿಯು ತನ್ನ ಸ್ವಂತ ಸಂಪನ್ಮೂಲದ ಶೇಕಡ 5ನ್ನು ವಿಶೇಷಚೇತನರಿಗಾಗಿ ವಿನಿಯೋಗಿಸತಕ್ಕದ್ದೆಂಬ ನಿಯಮವುಂಟು. ಊರಿನಲ್ಲಿ ಯಾವ ಮನೆಯಲ್ಲಿ ಎಂಥ ಮಗುವಿದೆ ಎಂಬುದನ್ನು ಬಲ್ಲ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯತಿಗೊಬ್ಬರಂತೆ ಇದ್ದಾರೆ. ಬಹುಮಟ್ಟಿಗೆ ಇವರೂ ವಿಶೇಷಚೇತನರೇ. ಹಣವುಂಟು, ಸ್ಥಳವುಂಟು, ಬಲ್ಲವರುಂಟು. ಆದರೆ ಆ ಶೇಕಡ ಐದು ಸಾಮಾನ್ಯವಾಗಿ ಸಾಧನ ಸಲಕರಣೆಗಳ ವಿತರಣೆಯಲ್ಲಿಯೂ ವೈದ್ಯಕೀಯ ನೆರವಿನಲ್ಲಿಯೂ ಮುಗಿದುಹೋಗುತ್ತದೆ. ಅರಿವು ಕೇಂದ್ರದ ಮೇಲ್ವಿಚಾರಕರೂ ಪುನರ್ವಸತಿ ಕಾರ್ಯಕರ್ತರೂ ಒಂದೇ ಕಟ್ಟಡದ ಎರಡು ಕೋಣೆಗಳಲ್ಲಿ ಕುಳಿತು, ತಂತಮ್ಮ ಇಲಾಖೆಗೆ ತಂತಮ್ಮ ವರದಿಗಳನ್ನು ಕಳುಹಿಸುತ್ತಿರುವುದೂ ಉಂಟು.

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಚದೆ ಎದುರಿಸಬೇಕು. ಇಂದು ನಮ್ಮ ಗ್ರಂಥಾಲಯಗಳನ್ನು ಬೆಳಗಿನಿಂದ ರಾತ್ರಿಯವರೆಗೆ ತುಂಬಿರುವವರು ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯರ್ಥಿಗಳು. ಬಾಡಿಗೆಯ ಕೋಣೆಯಲ್ಲಿ ನಾಲ್ವರು ಮಲಗಿ, ಬುತ್ತಿಯನ್ನು ಚೀಲದಲ್ಲಿಟ್ಟುಕೊಂಡು ಬಂದು, ಹಳೆಯ ಪ್ರಶ್ನೆಪತ್ರಿಕೆಗಳ ಮೇಲೆ ತಲೆಬಾಗಿಸಿ ಕುಳಿತಿರುವ ಈ ತರುಣ ತರುಣಿಯರಿಗೆ ವಾಚನಾಲಯದ ನಿಶ್ಶಬ್ದತೆಯೇ ಏಕಮಾತ್ರ ಆಸ್ತಿ. ಅವರ ಪಕ್ಕದಲ್ಲಿ ಮಗುವೊಂದು ಗುನುಗುತ್ತ ತೂಗಾಡಿದರೆ ಅವರ ಮುಖ ಗಂಟಾಗುವುದು ಹೃದಯಕಾಠಿಣ್ಯದಿಂದಲ್ಲ, ಹೊಟ್ಟೆಪಾಡಿನ ಆತಂಕದಿಂದ. ಇಬ್ಬರಲ್ಲಿ ಯಾರ ಹಕ್ಕು ದೊಡ್ಡದೆಂಬ ವ್ಯಾಜ್ಯವನ್ನು ಹೂಡಿದರೆ ಇಬ್ಬರೂ ಸೋಲುತ್ತಾರೆ, ಏಕೆಂದರೆ ಒಂದೇ ಕೋಣೆಯಲ್ಲಿ ಎಲ್ಲರನ್ನೂ ಒಂದೇ ವೇಳೆಯಲ್ಲಿ ಕೂರಿಸುವುದು ಅವರಿಬ್ಬರ ದೋಷವಲ್ಲ. ವಾರಕ್ಕೊಂದು ಮಧ್ಯಾಹ್ನದ ಎರಡು ಗಂಟೆಗಳ ಕಾಲ ಮಕ್ಕಳ ವಿಭಾಗವನ್ನು ಇಂಥ ಮಕ್ಕಳಿಗೆಂದೇ ಬಿಟ್ಟುಕೊಟ್ಟು, ಆ ವೇಳೆಯಲ್ಲಿ 'ನಿಶ್ಶಬ್ದವಾಗಿರಿ' ಎಂಬ ಹಲಗೆಯನ್ನು ಗೋಡೆಯ ಕಡೆಗೆ ತಿರುಗಿಸಿಡುವುದು ಒಂದು ಉಪಾಯ. ಅಭ್ಯರ್ಥಿಗಳಿಗೆ ಪ್ರತ್ಯೇಕವಾದ ಕೋಣೆ ಕೊಡುವುದು ಇನ್ನೊಂದು. ಇದಕ್ಕೆ ಹೆಚ್ಚು ಹಣ ಬೇಕು, ಹೆಚ್ಚು ನ್ಯಾಯವೂ ಅದರಲ್ಲಿದೆ. ಸೋಜಿಗವೆಂದರೆ, ಸದ್ದನ್ನು ಹೀರುವ ಪರದೆ, ಮಿನುಗದ ದೀಪ, ಕರ್ಕಶವಾಗಿ ಕಿರುಚದ ಕುರ್ಚಿ ಇವುಗಳಿಂದ ಮೊದಲು ಉಪಕೃತರಾಗುವವರು ದಿನಕ್ಕೆ ಹತ್ತು ಗಂಟೆ ಅಲ್ಲಿ ಕೂರುವ ಆ ಅಭ್ಯರ್ಥಿಗಳೇ.

ಪಂಚಾಯತಿಗಳಲ್ಲಿ ಮುಂದಿನ ವರ್ಷದ ಕ್ರಿಯಾಯೋಜನೆ ಸಿದ್ಧವಾಗುವುದಕ್ಕೆ ಮೊದಲು ಗ್ರಾಮಸಭೆಗಳು ಸೇರುತ್ತವೆ. ಮಕ್ಕಳ ಗ್ರಾಮಸಭೆಯೂ ವಿಶೇಷಚೇತನರ ಗ್ರಾಮಸಭೆಯೂ ನಡೆಯತಕ್ಕದ್ದೆಂದು ಸರ್ಕಾರವೇ ವಿಧಿಸಿದೆ. ಆ ಸಭೆಗಳಲ್ಲಿ ಬೀದಿದೀಪ, ಚರಂಡಿ, ಮಾಸಾಶನದ ಮಾತು ಬರುತ್ತದೆ, ಬರಬೇಕಾದದ್ದೇ. ಅದರ ಜೊತೆಗೆ ಯಾವುದಾದರೊಂದು ಊರಿನಲ್ಲಿ ಒಬ್ಬ ತಂದೆ ಎದ್ದು ನಿಂತು, ಗ್ರಂಥಾಲಯದ ಉಪಕರ ಈ ವರ್ಷ ಎಷ್ಟು ವಸೂಲಾಯಿತು, ಶೇಕಡ ಐದರಲ್ಲಿ ಎಷ್ಟು ಉಳಿಯಿತು, ಅರಿವು ಕೇಂದ್ರದ ಮೇಲ್ವಿಚಾರಕರನ್ನು ಮೈಸೂರಿಗೆ ಒಂದು ವಾರದ ತರಬೇತಿಗೆ ಕಳುಹಿಸುವುದಕ್ಕೆ ಎಷ್ಟು ಬೇಕು ಎಂದು ಕೇಳಿದರೆ, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಆ ಪ್ರಶ್ನೆಯನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳಲೇಬೇಕಾಗುತ್ತದೆ, ಮತ್ತು ಮುಂದಿನ ಸಭೆಯಲ್ಲಿ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.